ಹೊಳೆ, ಕಡಲು ಮತ್ತು ಗುಳ್ಳದ ಊರು

ಉಡುಪಿಯಿಂದ ಮಂಗಳೂರಿನ ಕಡೆಗೆ ಹೊರಟ ಬಸ್ಸು ಉದ್ಯಾವರದ ಸೇತುವೆ ದಾಟಿ ಸ್ವಲ್ಪ ಹೊತ್ತಿಗೆ ಕಟಪಾಡಿಯಲ್ಲಿ ನಿಲ್ಲುತ್ತದೆ. ಅಲ್ಲಿ ದಾರಿ ಎರಡಾಗುತ್ತದೆ. ಪೂರ್ವಕ್ಕೆ ಹೋದರೆ ಮಲ್ಲಿಗೆಯ ಶಂಕರಪುರ. ಪಶ್ಚಿಮಕ್ಕೆ ಹೋದರೆ ಗುಳ್ಳದ ಮಟ್ಟು. ಮಲ್ಲಿಗೆಯ ದಾರಿ ಎಲ್ಲರಿಗೂ ಗೊತ್ತು. ಗುಳ್ಳದ ದಾರಿ ಸಣ್ಣದು. ಎರಡೂ ಬದಿಗೆ ತೆಂಗಿನ ತೋಟ, ನಡುನಡುವೆ ಗದ್ದೆ, ಆಮೇಲೆ ಉಪ್ಪುನೀರಿನ ಹೊಳೆ. ಹೊಳೆ ದಾಟಿದರೆ ಕಡಲಿನ ಸದ್ದು ಕೇಳಿಸುತ್ತದೆ.

ಕಾಪು ತಾಲೂಕಿನ ಮಟ್ಟು ದೊಡ್ಡ ಊರಲ್ಲ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಪಿನಾಕಿನಿ ಹೊಳೆ. ಇವೆರಡರ ಮಗ್ಗುಲಲ್ಲಿ ಮರಳು ಬೆರೆತ ಮಣ್ಣಿನ ಗದ್ದೆಗಳು. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಕಾಪುವಿನ ದೀಪಸ್ತಂಭ ಇದೆ, ಕಾರ್ಕಳದ ಗೊಮ್ಮಟ ಇದ್ದಾನೆ, ಉಡುಪಿಯ ಕೃಷ್ಣಮಠ ಇದೆ. ಒಂದು ಬದನೆಕಾಯಿಯನ್ನು ನೋಡಲು ಯಾರಾದರೂ ಊರಿಗೆ ಹೋಗುತ್ತಾರೆಯೇ ಎಂದು ನೀವು ಕೇಳಬಹುದು. ಹೋಗಬೇಕು. ಮಕ್ಕಳನ್ನು ಕರೆದುಕೊಂಡೇ ಹೋಗಬೇಕು. ಒಂದು ಊರಿನ ಮಣ್ಣು, ನೀರು, ಕಥೆ, ಕಾನೂನು ಎಲ್ಲವೂ ಒಂದೇ ಕಾಯಿಯೊಳಗೆ ಸೇರಿಕೊಂಡದ್ದನ್ನು ಬೇರೆಲ್ಲೂ ಇಷ್ಟು ಹತ್ತಿರದಿಂದ ನೋಡಲಾಗದು.

ಘಟ್ಟದಿಂದ ಕಡಲಿಗೆ

ಮಟ್ಟುವನ್ನು ತಿಳಿಯಬೇಕಾದರೆ ಮೊದಲು ಈ ಸೀಮೆಯ ಇಳಿಜಾರನ್ನು ತಿಳಿಯಬೇಕು. 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟನ ಗುಡ್ಡ ಹತ್ತಿದರೆ ಪೂರ್ವಕ್ಕೆ ಪಶ್ಚಿಮ ಘಟ್ಟದ ಸಾಲು ಕಾಣುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ನೆಲ ಇಳಿಯುತ್ತಾ ಹೋಗುತ್ತದೆ. ಮೊದಲು ಕರಿಬಂಡೆ, ಆಮೇಲೆ ಮುರಕಲ್ಲಿನ ಗುಡ್ಡಗಳು, ಗುಡ್ಡಗಳ ಸಂದಿಯಲ್ಲಿ ಅಡಿಕೆ ತೋಟ ಮತ್ತು ಗದ್ದೆ, ಕೊನೆಗೆ ಮರಳಿನ ಪಟ್ಟಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಓಡಿ, ಕಡಲು ಸೇರಿಬಿಡುತ್ತದೆ.

ಈ ಓಟವನ್ನು ನೋಡಿಯೇ ಹಿರಿಯರು ಗದ್ದೆಗಳಿಗೆ ಮೂರು ಹೆಸರಿಟ್ಟರು. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ಅದರ ಮೇಲಿನದು ಮಜಲು, ಎತ್ತರದಲ್ಲಿ ಮಳೆಯನ್ನೇ ನಂಬಿದ್ದು ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುವ ಕಾಲವಿತ್ತು. ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದು. ಇಂದು ಉಡುಪಿಯ ಬಹಳಷ್ಟು ಮನೆಗಳಲ್ಲಿ ಉಳಿದಿರುವುದು ಏಣೆಲು ಮಾತ್ರ. ಊರಿನ ಹೆಸರುಗಳಲ್ಲಿ ಬೈಲು, ಮಜಲು, ಬೆಟ್ಟು ಹಾಗೆಯೇ ಇವೆ. ಮಕ್ಕಳು ಆ ಹೆಸರುಗಳನ್ನು ಬಸ್ಸಿನ ಬೋರ್ಡಿನಲ್ಲಿ ಓದುತ್ತಾರೆ. ಅರ್ಥ ಕೇಳಿದರೆ ಹೇಳುವವರು ಕಡಿಮೆ.

ಇಳಿಜಾರಿನ ತುತ್ತತುದಿಯಲ್ಲಿದೆ ಮಟ್ಟು. ಮೇಲಿನಿಂದ ಬಂದ ಸಿಹಿನೀರು ಇಲ್ಲಿ ಮುಗಿಯುತ್ತದೆ, ಕೆಳಗಿನಿಂದ ಉಪ್ಪುನೀರು ಒಳಗೆ ಬರುತ್ತದೆ. ಮಳೆಗಾಲದಲ್ಲಿ ಹೊಳೆ ಸಿಹಿ. ಮಳೆ ನಿಂತಮೇಲೆ ಭರತದ ಹೊತ್ತಿಗೆ ಕಡಲು ಹೊಳೆಯೊಳಕ್ಕೆ ನುಗ್ಗುತ್ತದೆ. ಆಗ ದಂಡೆ ಒಡೆದರೆ, ಕಿಂಡಿ ಅಣೆಕಟ್ಟಿನ ಹಲಗೆ ಸಡಿಲವಾದರೆ ಉಪ್ಪು ಗದ್ದೆಗೆ ಬರುತ್ತದೆ. ಮಳೆ ಮುಗಿದಾಗ ಹಲಗೆ ಇಳಿಸಿ ನಡುವೆ ಮಣ್ಣು ತುಂಬುವುದು, ಮುಂದಿನ ಮಳೆಗೆ ಮೊದಲು ಅದನ್ನು ತೆಗೆಯುವುದು ಕರಾವಳಿಯ ಹಳ್ಳಿಗಳ ಹಳೆಯ ಕ್ರಮ. ಒಬ್ಬನ ಗದ್ದೆಯ ಬದುವಿನಲ್ಲಿ ಒಂದು ತೂತಾದರೆ ಹತ್ತು ಜನರ ಬೆಳೆ ಹೋಗುತ್ತದೆ. ಇಲ್ಲಿ ಒಬ್ಬೊಬ್ಬರೇ ಬೇಸಾಯ ಮಾಡಲು ಬರುವುದಿಲ್ಲ.

ಒಂದು ಕಾಯಿಯ ಕಥೆ

ಹೊರಗಿನವರಿಗೆ ಗುಳ್ಳ ಎಂದರೇನೆಂದು ಹೇಳಬೇಕು. ಗುಳ್ಳ ಎಂದರೆ ಗುಂಡನೆಯ ಬದನೆ. ಮಟ್ಟು ಗುಳ್ಳದ ಬಣ್ಣ ತಿಳಿ ಹಸಿರು, ಮೇಲೆ ಬಿಳಿಯ ಗೆರೆಗಳು, ತೊಟ್ಟಿನಲ್ಲಿ ಮುಳ್ಳು, ಸಿಪ್ಪೆ ತೆಳು. ಬೇಯಿಸಿದರೆ ಹುಳಿಯಲ್ಲಿ ಬೆಣ್ಣೆಯಂತೆ ಕರಗುತ್ತದೆ. ಉಡುಪಿಯ ಮನೆಗಳಲ್ಲಿ ಇದರಿಂದ ಹುಳಿ, ಬೋಳುಹುಳಿ, ಗೊಜ್ಜು, ಬಜ್ಜಿ, ಪೋಡಿ ಮಾಡುತ್ತಾರೆ. ಮೆಟ್ಟುಕತ್ತಿಯ ಮುಂದೆ ಕುಳಿತ ಅಜ್ಜಿ ಕಾಯಿ ಹೆಚ್ಚುವ ಮೊದಲೇ ಅದು ಮಟ್ಟುವಿನದ್ದೋ ಅಲ್ಲವೋ ಹೇಳಿಬಿಡುತ್ತಾರೆ. ಮಣಿಪಾಲದ ಹತ್ತಿರದ ಪೆರಂಪಳ್ಳಿಯಲ್ಲೂ ಗುಳ್ಳ ಬೆಳೆಯುತ್ತದೆ. ನೋಡಲು ಅಣ್ಣತಮ್ಮಂದಿರಂತೆ. ಆದರೂ ಪೇಟೆಯಲ್ಲಿ ಗಿರಾಕಿಯ ಮೊದಲ ಪ್ರಶ್ನೆ ‘ಮಟ್ಟುದ್ದೇನಾ?’ ಎಂಬುದೇ.

ಈ ಗುಳ್ಳಕ್ಕೆ ಒಂದು ಕಥೆಯಿದೆ. ಸೋದೆ ಮಠದ ವಾದಿರಾಜರು ಹಯಗ್ರೀವ ದೇವರ ಭಕ್ತರು. ಕಡಲೆ, ಬೆಲ್ಲ, ತೆಂಗಿನಕಾಯಿ ಹಾಕಿ ಮಾಡಿದ ಸಿಹಿಯನ್ನು ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹಿಡಿದರೆ ದೇವರು ಬಿಳಿಯ ಕುದುರೆಯಾಗಿ ಬಂದು ತಿನ್ನುತ್ತಿದ್ದನಂತೆ. ಹೊಟ್ಟೆಕಿಚ್ಚಿನವರು ಒಮ್ಮೆ ನೈವೇದ್ಯಕ್ಕೆ ವಿಷ ಬೆರೆಸಿದರು. ದೇವರ ಮೈ ನೀಲಿಯಾಯಿತು. ಆ ವಿಷ ಇಳಿದದ್ದು ಮಟ್ಟುವಿನ ಗುಳ್ಳದಿಂದ ಎಂದು ಜನ ಹೇಳುತ್ತಾರೆ. ಬೀಜ ಕೊಟ್ಟವರೇ ವಾದಿರಾಜರು ಎಂಬುದು ಊರಿನವರ ನಂಬಿಕೆ. ಕಥೆ ಹೇಳುವವರ ಬಾಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಆದರೆ ಎಲ್ಲ ಕಥೆಗಳಲ್ಲೂ ಬದಲಾಗದ್ದು ಒಂದಿದೆ: ಈ ಬೀಜ ಯಾರೋ ನಂಬಿ ಕೈಗೆ ಕೊಟ್ಟದ್ದು, ಕಳೆದುಕೊಳ್ಳಬಾರದ್ದು.

ಕೃಷ್ಣಮಠದ ಪೂಜೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಪರ್ಯಾಯ ಪದ್ಧತಿಯನ್ನು ತಂದವರೂ ವಾದಿರಾಜರೇ. ಮೊದಲು ಇದು ಎರಡು ತಿಂಗಳ ಸರದಿಯಾಗಿತ್ತು. ಇಂದು ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಅಷ್ಟಮಠಗಳಲ್ಲೊಂದು ಪೂಜೆಯ ಹೊಣೆ ವಹಿಸಿಕೊಳ್ಳುತ್ತದೆ. ಪರ್ಯಾಯದ ಊಟಕ್ಕೆ ಮಟ್ಟುವಿನಿಂದ ಗುಳ್ಳದ ಹೊರೆಕಾಣಿಕೆ ಹೋಗುತ್ತದೆ. ಬೆಳೆ ಕೈಗೆ ಬರುವ ಕಾಲವೂ ಅದೇ. ಭಕ್ತಿಯ ಪಂಚಾಂಗಕ್ಕೂ ಬೇಸಾಯದ ಪಂಚಾಂಗಕ್ಕೂ ಇಲ್ಲಿ ಹೀಗೆ ನಂಟು ಕೂಡಿಬಂದಿದೆ.

ಭತ್ತದ ಬೆನ್ನಿಗೆ ಗುಳ್ಳ

ಗುಳ್ಳದ ಕೆಲಸ ಶುರುವಾಗುವುದು ಗುಳ್ಳದಿಂದಲ್ಲ, ಭತ್ತದಿಂದ. ಜೂನ್‌ನಲ್ಲಿ ನೇಜಿ ಹಾಕಿ ನೆಟ್ಟ ಏಣೆಲಿನ ಪೈರು ಅಕ್ಟೋಬರ್ ಹೊತ್ತಿಗೆ ಕೊಯ್ಲಾಗುತ್ತದೆ. ಅಷ್ಟರಲ್ಲಿ ಒಂದು ಮೂಲೆಯಲ್ಲಿ ಬದನೆಯ ಸಸಿ ಎದ್ದಿರುತ್ತದೆ. ಭತ್ತ ಒಳಗೆ ಬಂದಮೇಲೆ ಗದ್ದೆ ಉತ್ತು, ಸಾಲು ಎಬ್ಬಿಸಿ, ಹಟ್ಟಿಗೊಬ್ಬರ, ಸುಡುಮಣ್ಣು, ಬೂದಿ ಹಾಕಿ ಸಸಿ ನೆಡುತ್ತಾರೆ. ಮಳೆ ಹಿಂಜರಿದು ನವೆಂಬರಿನಲ್ಲಿ ಮತ್ತೆ ಬಂದರೆ ಸಸಿ ಕೊಳೆಯುತ್ತದೆ, ಮತ್ತೊಮ್ಮೆ ನೆಡಬೇಕು. ಎಲ್ಲ ಸರಿಯಾದರೆ ಡಿಸೆಂಬರ್–ಜನವರಿಯಿಂದ ಕಾಯಿ. ಆಮೇಲೆ ಮೇ ತಿಂಗಳ ತನಕ ವಾರದಲ್ಲಿ ಒಂದೆರಡು ಸಲ ಕೊಯ್ಲು.

ನಾಲ್ಕು ತಿಂಗಳು ನೀರು ನಿಂತ ಗದ್ದೆಯಲ್ಲಿ ಮಣ್ಣಿನೊಳಗಿನ ಎಷ್ಟೋ ರೋಗಾಣುಗಳು, ಕಳೆಬೀಜಗಳು ಉಸಿರುಗಟ್ಟಿ ಕಡಿಮೆಯಾಗುತ್ತವೆ. ಬದನೆಗೆ ದೊಡ್ಡ ಶತ್ರುವಾದ ಸೊರಗು ರೋಗ ಮಣ್ಣಿನಿಂದಲೇ ಬರುವಂಥದ್ದು. ಬದನೆಯ ಮೇಲೆ ಬದನೆಯನ್ನೇ ನೆಡುತ್ತಾ ಹೋದರೆ ಅದು ಬಲಿಯುತ್ತದೆ. ನಡುವೆ ಭತ್ತ ಬಂದರೆ ಬಗ್ಗುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಬೆಳೆ ಪರಿವರ್ತನೆ ಎಂದು ಓದುವ ಮಕ್ಕಳು ಅದನ್ನು ಕಣ್ಣಾರೆ ನೋಡುವುದು ಇಲ್ಲಿಯೇ. ಭತ್ತ ಲಾಭ ಕೊಡುವುದಿಲ್ಲವೆಂದು ಗದ್ದೆಯನ್ನು ಹಡಿಲು ಬಿಟ್ಟರೆ ಹೋಗುವುದು ಅಕ್ಕಿ ಮಾತ್ರವಲ್ಲ. ಹುಲ್ಲು ಹೋಗುತ್ತದೆ, ಹುಲ್ಲಿಲ್ಲದೆ ಹಟ್ಟಿ ಬರಿದಾಗುತ್ತದೆ, ಹಟ್ಟಿಯಿಲ್ಲದೆ ಗೊಬ್ಬರವಿಲ್ಲ. ಗುಳ್ಳ ಎಂಬುದು ಒಂದು ಸರಪಳಿಯ ಕೊನೆಯ ಕೊಂಡಿ.

ದಾರಿಯ ಆಚೆ ಬದಿಯ ಶಂಕರಪುರದಲ್ಲೂ ಇಂಥದ್ದೇ ಒಂದು ಲೆಕ್ಕ. ಅಲ್ಲಿ ಅಂಗಳದ ಮಲ್ಲಿಗೆ ಗಿಡವೇ ಗದ್ದೆ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ಬೇರೆ. ಮಲ್ಲಿಗೆಯ ದುಡ್ಡಿನಿಂದ ಮಕ್ಕಳ ಶಾಲೆಯ ಫೀಸು ಕಟ್ಟಿದ ತಾಯಂದಿರು ಆ ಸುತ್ತಿನ ಮನೆಮನೆಗಳಲ್ಲಿ ಸಿಗುತ್ತಾರೆ. ಮಟ್ಟುವಿನಲ್ಲಿ ಅದೇ ಕೆಲಸವನ್ನು ಗುಳ್ಳ ಮಾಡಿದೆ.

ಹೆಸರಿಗೂ ಒಂದು ಕಾನೂನು

ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಇಂಥ ಸೀಮೆಯಲ್ಲಿ ಬೆಳೆದದ್ದಕ್ಕೆ ಮಾತ್ರ ಇಂಥ ಹೆಸರು ಎಂದು ಹೇಳುವ ಕಾನೂನು ಇದು. ಭಾರತದಲ್ಲಿ ಕಾಯಿದೆ ಆದದ್ದು 1999ರಲ್ಲಿ, ಜಾರಿಗೆ ಬಂದದ್ದು 2003ರಲ್ಲಿ. ಮೊದಲ ಗುರುತು ಡಾರ್ಜಿಲಿಂಗ್ ಚಹಾಕ್ಕೆ. ಉಡುಪಿ ಮಲ್ಲಿಗೆಯೂ ಈ ಪಟ್ಟಿಯಲ್ಲಿದೆ.

ಈ ವಿಚಾರಕ್ಕೆ ಹಳೆಯ ಉದಾಹರಣೆ ಬೇಕಾದರೆ ಫ್ರಾನ್ಸಿನತ್ತ ನೋಡಬೇಕು. ಆ ದೇಶದ ದಕ್ಷಿಣದಲ್ಲಿ ರೋಕ್‌ಫೋರ್ ಎಂಬ ಊರಿದೆ. ಜನಸಂಖ್ಯೆ ಸಾವಿರವೂ ಇಲ್ಲ. ಸುತ್ತಲಿನ ಗುಡ್ಡಗಳಲ್ಲಿ ಕುರಿ ಸಾಕಣೆ. ಕುರಿಯ ಹಾಲಿನಿಂದ ಮಾಡಿದ ಚೀಸನ್ನು ಊರಿನ ಬೆಟ್ಟದ ಗುಹೆಗಳಲ್ಲಿಟ್ಟು ಹದಗೊಳಿಸುತ್ತಾರೆ. ಬಂಡೆಯ ಬಿರುಕುಗಳಿಂದ ಬೀಸುವ ತಂಪು ಗಾಳಿಯೇ ಅದರ ಗುಟ್ಟು. ಆ ಗುಹೆಗಳಲ್ಲಿ ಹದವಾಗದ ಚೀಸನ್ನು ರೋಕ್‌ಫೋರ್ ಎಂದು ಮಾರುವಂತಿಲ್ಲ ಎಂಬ ಕಾನೂನು ರಕ್ಷಣೆ ಅದಕ್ಕೆ 1925ರಲ್ಲೇ ಸಿಕ್ಕಿತು. ಮಣ್ಣು, ಗಾಳಿ, ನೀರು, ಕೈಚಳಕ ನಾಲ್ಕೂ ಸೇರಿದ್ದನ್ನು ಫ್ರೆಂಚರು ‘ತೆರುವಾರ್’ ಎನ್ನುತ್ತಾರೆ. ಉಡುಪಿಯ ಅಜ್ಜಿಗೆ ಆ ಶಬ್ದ ಗೊತ್ತಿಲ್ಲ. ಬೀಜ ಒಯ್ದು ಬೇರೆ ಊರಲ್ಲಿ ನೆಟ್ಟರೆ ಅದೇ ರುಚಿ ಬರುವುದಿಲ್ಲ ಎಂದಷ್ಟೇ ಅವರು ಹೇಳುತ್ತಾರೆ. ಎರಡೂ ಒಂದೇ ಮಾತು.

ಮಟ್ಟುವಿನ ಬೆಳೆಗಾರರು ಸಂಘ ಕಟ್ಟಿಕೊಂಡಿದ್ದಾರೆ. ಕಾಯಿಗಳನ್ನು ಗಾತ್ರ, ಗುಣ ನೋಡಿ ವಿಂಗಡಿಸಿ, ಗುರುತಿನ ಚೀಟಿ ಅಂಟಿಸಿ ಪೇಟೆಗೆ ಕಳುಹಿಸುವ ಏರ್ಪಾಡು ಅವರದ್ದು. ಬದನೆಕಾಯಿಗೂ ಗುರುತಿನ ಚೀಟಿಯೇ ಎಂದು ನಗಬೇಡಿ. ಮಟ್ಟುವಿನ ಹೆಸರಲ್ಲಿ ಬೇರೆಡೆಯ ಕಾಯಿ ಮಾರುವವರು ಇದ್ದಾಗ ರೈತನಿಗೆ ಉಳಿದ ದಾರಿ ಇದೊಂದೇ.

ಬೀಜದ ಪ್ರಶ್ನೆ

ಗುಳ್ಳ ಇಡೀ ದೇಶದ ಚರ್ಚೆಗೆ ಬಂದದ್ದೂ ಉಂಟು. ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳು ರೈತರಿಗೆ ದೊಡ್ಡ ಕಾಟ. ಈ ಹುಳುವನ್ನು ತಡೆಯಲು ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಬದನೆಗೆ ಸೇರಿಸಿದ್ದೇ ಬಿಟಿ ಬದನೆ. ಇದಕ್ಕಾಗಿ ಆರಿಸಿಕೊಂಡ ಕರ್ನಾಟಕದ ನಾಟಿ ತಳಿಗಳಲ್ಲಿ ಉಡುಪಿಯ ಗುಳ್ಳವೂ ಒಂದಾಗಿತ್ತು. 2009ರ ಅಕ್ಟೋಬರಿನಲ್ಲಿ ಕೇಂದ್ರದ ಪರಿಶೀಲನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಉಡುಪಿಯಲ್ಲಿ ರೈತರೂ ಮಠದವರೂ ವಿರೋಧಿಸಿದರು. ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್ ಊರೂರಿಗೆ ಹೋಗಿ ಸಾರ್ವಜನಿಕ ಸಭೆ ನಡೆಸಿದರು. ಬೆಂಗಳೂರಿನ ಸಭೆಯಾದ ಕೆಲವೇ ದಿನಗಳಲ್ಲಿ, 2010ರ ಫೆಬ್ರವರಿ 9ರಂದು, ಬಿಟಿ ಬದನೆಗೆ ತಡೆ ಹಾಕಿದರು.

ಈ ವಿಷಯದಲ್ಲಿ ಎರಡು ಮಾತಿದೆ. ಹುಳುವಿನ ಕಾಟ ಸುಳ್ಳಲ್ಲ. ಅದಕ್ಕಾಗಿ ಹೊಡೆಯುವ ವಿಷದ ಭಯವೂ ಸುಳ್ಳಲ್ಲ. ನೆರೆಯ ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟು ಮರುವರ್ಷದಿಂದ ಬೆಳೆಯಿತು. ಆದರೆ ಮಟ್ಟುವಿನವರ ಪ್ರಶ್ನೆ ಬೇರೆಯೇ ಆಗಿತ್ತು. ದುಂಬಿ ಒಂದು ಗದ್ದೆಯ ಹೂವಿನಿಂದ ಇನ್ನೊಂದಕ್ಕೆ ಹಾರುತ್ತದೆ. ಪಕ್ಕದ ಗದ್ದೆಯ ಪರಾಗ ನಮ್ಮ ಗಿಡಕ್ಕೆ ಬಂದರೆ ನೂರಾರು ವರ್ಷ ಜತನ ಮಾಡಿದ ಬೀಜ ಯಾರದ್ದಾಗುತ್ತದೆ? ಇದು ರೈತ ಕೇಳಿದ ಪ್ರಶ್ನೆ, ವಿಜ್ಞಾನಿಗಳೂ ಉತ್ತರಿಸಬೇಕಾದ ಪ್ರಶ್ನೆ. ಶಾಲೆಯ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಹುಡುಕಬೇಕಿಲ್ಲ.

ಬೆಟ್ಟದ ಮೇಲಿನ ಕಾಲೇಜು, ಕೆಳಗಿನ ಗದ್ದೆ

ಮಟ್ಟುವಿನ ಮಕ್ಕಳು ಬೆಳಿಗ್ಗೆ ಬಸ್ಸು ಹಿಡಿದು ಉಡುಪಿಗೋ ಮಣಿಪಾಲಕ್ಕೋ ಹೋಗುತ್ತಾರೆ. 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭವಾಗುವ ತನಕ ಮಣಿಪಾಲ ಒಂದು ಬೋಳು ಗುಡ್ಡ. ಡಾ. ಟಿ.ಎಂ.ಎ. ಪೈ ಅದನ್ನು ವಿದ್ಯೆಯ ಊರಾಗಿ ಮಾಡಿದರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಹಳ್ಳಿಯ ಮಕ್ಕಳಿಗೆ ಮನೆಯಿಂದಲೇ ಹೋಗಿಬಂದು ದೊಡ್ಡ ಓದು ಓದುವ ಭಾಗ್ಯ ಬಂತು. ಇದು ಸಣ್ಣ ಮಾತಲ್ಲ.

ಇದಕ್ಕೂ ಹಿಂದೆ ಇನ್ನೊಂದು ದೊಡ್ಡ ಬದಲಾವಣೆ ಆಗಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ತಾವೇ ಒಡೆಯರಾದರು. ಮುಡಿಗಟ್ಟಲೆ ಅಕ್ಕಿ ಗೇಣಿ ಅಳೆಯುತ್ತಿದ್ದ ಮನೆಯ ಮಗ ಶಾಲೆಗೆ ಹೋದ. ಅವನ ಮಗ ಕಾಲೇಜಿಗೆ ಹೋದ. ಮೊಮ್ಮಗಳು ಬೆಂಗಳೂರಿಗೋ ದುಬಾಯಿಗೋ ಹೋದಳು. ಅದಕ್ಕೂ ಮುಂಚೆ ಮುಂಬಯಿಯ ಹೋಟೆಲುಗಳಿಗೆ ಹೋದವರಂತೂ ಲೆಕ್ಕವಿಲ್ಲ. ಊರಿಗೆ ದುಡ್ಡು ಬಂತು, ಹೆಂಚಿನ ಮನೆ ತಾರಸಿಯಾಯಿತು. ಆದರೆ ಪಾಲಾಗಿ ತುಂಡಾದ ಗದ್ದೆಯಲ್ಲಿ ಬೆನ್ನು ಬಗ್ಗಿಸಲು ಉಳಿದವರು ಐವತ್ತು ದಾಟಿದವರು. ಸಮುದ್ರ ಕಾಣುವ ಜಾಗಕ್ಕೆ ಈಗ ಬೆಲೆಯೂ ಬಂದಿದೆ. ಬದನೆ ಬೆಳೆಯುವುದಕ್ಕಿಂತ ಪ್ರವಾಸಿಗಳಿಗೆ ಕೋಣೆ ಕಟ್ಟುವುದೇ ಮೇಲು ಎಂದು ಯಾರಾದರೂ ಲೆಕ್ಕ ಹಾಕಿದರೆ ಅವರನ್ನು ದೂರುವುದು ಹೇಗೆ?

ಜಿಐ ಗುರುತು ಕಾಪಾಡುವುದು ಹೆಸರನ್ನು. ಹತ್ತು ವರ್ಷಕ್ಕೊಮ್ಮೆ ಅರ್ಜಿ ಕೊಟ್ಟರೆ ಅದು ನವೀಕರಣವಾಗುತ್ತದೆ. ಹೊಳೆಯ ದಂಡೆ ಅರ್ಜಿಯಿಂದ ನವೀಕರಣವಾಗುವುದಿಲ್ಲ. ಅಣೆಕಟ್ಟಿಗೆ ಹಲಗೆ ಇಳಿಸುವ ಕೈ ಬೇಕು. ನೇಜಿ ನೆಡುವ ಕೈ ಬೇಕು. ಅದಕ್ಕೆ ಸರಿಯಾದ ಬೆಲೆಯೂ ಬೇಕು. ಜನವರಿಯಲ್ಲಿ ಒಳ್ಳೆಯ ದರವಿದ್ದ ಕಾಯಿ ಬೇಸಿಗೆಯಲ್ಲಿ ರಾಶಿ ಬಿದ್ದಾಗ ಕುಸಿಯುತ್ತದೆ. ಆಗ ನಷ್ಟ ತಡೆದುಕೊಳ್ಳುವ ಶಕ್ತಿ ಸಣ್ಣ ರೈತನಿಗಿಲ್ಲ. ಮಕ್ಕಳು ಓದಬಾರದು ಎಂದು ಯಾವ ತಂದೆತಾಯಿಯೂ ಹೇಳುವುದಿಲ್ಲ, ಹೇಳಲೂಬಾರದು. ಓದಿದ ಮಕ್ಕಳು ಉಪ್ಪುನೀರಿಗೆ, ಸೊರಗು ರೋಗಕ್ಕೆ, ದರ ಕುಸಿತಕ್ಕೆ ಉತ್ತರ ಹುಡುಕಬಹುದಲ್ಲವೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೃಷಿ, ಇಂಜಿನಿಯರಿಂಗ್, ವಾಣಿಜ್ಯ ಮೂರೂ ಪಾಠಗಳ ಪ್ರಶ್ನೆಪತ್ರಿಕೆ ಅಲ್ಲಿ ಗದ್ದೆಯಲ್ಲೇ ಬಿದ್ದಿದೆ.

ನೋಡಿ ಬನ್ನಿ

ಹೋಗುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಉಡುಪಿಯಿಂದ ಕಟಪಾಡಿಗೆ ಸುಮಾರು 10 ಕಿಲೋಮೀಟರ್, ಬಸ್ಸು ಬೇಕಾದಷ್ಟಿದೆ. ಅಲ್ಲಿಂದ ರಿಕ್ಷಾ. ಬೆಳಗಿನ ಹೊತ್ತು ಒಳ್ಳೆಯದು. ಬಿಸಿಲೇರುವ ಮೊದಲು ಕಾಯಿ ಕೊಯ್ಯುವವರು ಗದ್ದೆಯಲ್ಲಿರುತ್ತಾರೆ. ಕೇಳಿಯೇ ಗದ್ದೆಗೆ ಇಳಿಯಿರಿ, ಸಾಲಿನ ಮೇಲೆ ಕಾಲಿಡಬೇಡಿ, ತೊಟ್ಟಿನ ಮುಳ್ಳಿನ ಬಗ್ಗೆ ಎಚ್ಚರವಿರಲಿ. ಮಧ್ಯಾಹ್ನಕ್ಕೆ ಕಾಪುವಿನ ದೀಪಸ್ತಂಭಕ್ಕೆ ಹೋಗಬಹುದು. 1901ರಲ್ಲಿ ಕಟ್ಟಿದ ಆ ಸ್ತಂಭದ ಮೇಲಿನಿಂದ ಉತ್ತರಕ್ಕೆ ಕಣ್ಣು ಹಾಯಿಸಿದರೆ ಕಡಲಿನ ಅಂಚಿಗೆ ತೆಂಗಿನ ಹಸಿರು ಪಟ್ಟಿ ಕಾಣುತ್ತದೆ. ಆ ಪಟ್ಟಿ ಎಷ್ಟು ಸಪೂರ ಎಂಬುದು ಅಲ್ಲಿ ನಿಂತಾಗಲೇ ಅರಿವಾಗುವುದು.

ಗದ್ದೆಯಲ್ಲಿ ನಡೆಯುವಾಗ ಒಂದನ್ನು ಮಾತ್ರ ಮಕ್ಕಳಿಗೆ ತೋರಿಸಲು ಮರೆಯಬೇಡಿ. ಎಲ್ಲ ಗಿಡಗಳಲ್ಲೂ ಕಾಯಿ ಕೊಯ್ದಿರುತ್ತಾರೆ. ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಮಾತ್ರ ಒಂದು ದೊಡ್ಡ ಕಾಯಿ ಹಾಗೆಯೇ ನೇತಾಡುತ್ತಿರುತ್ತದೆ. ಹಸಿರು ಹೋಗಿ ಹಳದಿ ಬಂದಿರುತ್ತದೆ. ಕೊಯ್ಯಲು ಮರೆತದ್ದಲ್ಲ ಅದು. ಗದ್ದೆಯಲ್ಲೇ ಒಳ್ಳೆಯ ಗಿಡ ನೋಡಿ, ಅದರಲ್ಲೇ ಒಳ್ಳೆಯ ಕಾಯಿ ನೋಡಿ, ಬೀಜಕ್ಕೆಂದು ಬಿಟ್ಟದ್ದು. ಪೇಟೆಯಲ್ಲಿ ಎಷ್ಟು ದರವಿದ್ದರೂ ಆ ಕಾಯಿ ಮಾರಾಟಕ್ಕಿಲ್ಲ.